ಸಂದಿನ ಕಾವಲು

ಕಟ್ಟಡವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಚಲವಾದ ಒಂದು ವಸ್ತು. ಕಲ್ಲು, ಇಟ್ಟಿಗೆ, ಸಿಮೆಂಟು, ಕಬ್ಬಿಣಗಳನ್ನು ಒಂದಕ್ಕೊಂದು ಬಿಗಿದು ನಿಲ್ಲಿಸಿದ ಮೇಲೆ ಅದು ಅಲುಗಾಡದೆ ನಿಂತಲ್ಲಿಯೇ ನಿಂತಿರುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಸೂಕ್ಷ್ಮವಾಗಿ ಅಳೆದು ನೋಡಿದವರಿಗೆ ಬೇರೊಂದು ಸತ್ಯ ಗೋಚರಿಸುತ್ತದೆ. ಹಗಲಿನ ಬಿಸಿಲಿಗೆ ಗೋಡೆ ಹಿಗ್ಗುತ್ತದೆ. ಇರುಳಿನ ತಂಪಿಗೆ ಕುಗ್ಗುತ್ತದೆ. ಮಳೆಗಾಲದಲ್ಲಿ ತಳದ ಮಣ್ಣು ಉಬ್ಬಿದಾಗ ಕಟ್ಟಡ ತುಸು ಮೇಲೇಳುತ್ತದೆ. ಬೇಸಿಗೆಯಲ್ಲಿ ಮಣ್ಣು ಬತ್ತಿದಾಗ ತುಸು ಕೆಳಗಿಳಿಯುತ್ತದೆ. ಕಣ್ಣಿಗೆ ಕಾಣದ ಈ ಚಲನೆ ವರ್ಷದ ಯಾವ ದಿನವೂ ನಿಲ್ಲುವುದಿಲ್ಲ. ಅದಕ್ಕೆ ಎಡೆಗೊಡುವುದಕ್ಕಾಗಿ ಕಟ್ಟುವವರು ಬೇಕೆಂದೇ ಬಿಡುವ ತೆರವಿಗೆ ಸಂದು ಎಂದು ಹೆಸರು. ಈ ಸಂದನ್ನು ತೆರೆದೂ ಇಡಬೇಕು, ಮುಚ್ಚಿಯೂ ಇಡಬೇಕು. ಒಂದಕ್ಕೊಂದು ವಿರುದ್ಧವಾಗಿ ತೋರುವ ಈ ಎರಡು ಕೆಲಸಗಳನ್ನು ಒಟ್ಟಿಗೆ ಸಾಧಿಸುವ ಬಗೆ ಯಾವುದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕಾದ ವಸ್ತು ಹಿಗ್ಗುತ್ತದೆಂಬುದು ವಿಜ್ಞಾನದ ಪುಸ್ತಕವನ್ನು ಓದಿ ಮಾತ್ರ ತಿಳಿಯುವ ಸಂಗತಿಯಲ್ಲ. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವ ಕಮ್ಮಾರನಿಗೆ ಅದು ತಲೆತಲಾಂತರದಿಂದ ತಿಳಿದಿದೆ. ಹಳಿಯ ಸುತ್ತಳತೆಯನ್ನು ಆತ ಮರದ ಗಾಲಿಯ ಸುತ್ತಳತೆಗಿಂತ ತುಸು ಕಡಿಮೆ ಇಡುತ್ತಾನೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಹಳಿ ಹಿಗ್ಗಿ ಗಾಲಿಯ ಮೇಲೆ ಸಲೀಸಾಗಿ ಕೂರುತ್ತದೆ. ಒಡನೆಯೇ ನೀರು ಹೊಯ್ದರೆ ಅದು ಕುಗ್ಗಿ ಮರವನ್ನು ಅವುಚಿ ಹಿಡಿಯುತ್ತದೆ. ಆ ಹಿಡಿತದ ಬಲ ಎಷ್ಟೆಂದರೆ, ವರ್ಷಗಟ್ಟಲೆ ಕಲ್ಲುಹಾದಿಯಲ್ಲಿ ಉರುಳಿದರೂ ಹಳಿ ಸಡಿಲವಾಗದು. ಕಮ್ಮಾರನಿಗೆ ನೆರವಾಗುವ ಇದೇ ಬಲವು ಕಟ್ಟಡ ಕಟ್ಟುವವನಿಗೆ ಎದುರಾಳಿಯಾಗಿ ನಿಲ್ಲುತ್ತದೆ. ಹಿಗ್ಗುವ ವಸ್ತುವಿಗೆ ಜಾಗ ದೊರೆಯದಿದ್ದರೆ ಅದು ನೆರೆಯದನ್ನು ನೂಕುತ್ತದೆ. ಕುಗ್ಗುವ ವಸ್ತುವನ್ನು ಎರಡೂ ಕಡೆ ಬಿಗಿಹಿಡಿದರೆ ಅದು ತನ್ನನ್ನೇ ಸೀಳಿಕೊಳ್ಳುತ್ತದೆ.

ಈ ಹಿಗ್ಗುವಿಕೆ ಎಷ್ಟೆಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಮೀಟರ್ ಉದ್ದದ ಕಾಂಕ್ರೀಟಿನ ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಅದು ಮಿಲಿಮೀಟರಿನ ಸುಮಾರು ನೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ಇದು ಅತ್ಯಲ್ಪವೆಂದು ತೋರಬಹುದು. ಆದರೆ ೩೦ ಮೀಟರ್ ಉದ್ದದ ಒಂದು ಶಾಲೆಯ ಚಾವಣಿಯನ್ನು ತೆಗೆದುಕೊಳ್ಳಿ. ಮಾಗಿಯ ನಸುಕಿನ ತಣ್ಪಿಗೂ ವೈಶಾಖದ ನಡುಹಗಲಿನ ಕಾವಿಗೂ ನಡುವೆ ಆ ಕಾಂಕ್ರೀಟಿನ ತಾಪದಲ್ಲಿ ೩೦ ಡಿಗ್ರಿಗಳ ಅಂತರವಿದೆಯೆಂದು ಭಾವಿಸೋಣ. ಆಗ ಒಟ್ಟು ಹಿಗ್ಗುವಿಕೆ ೯ ಮಿಲಿಮೀಟರ್ ಆಗುತ್ತದೆ. ಎಂದರೆ ಹೆಚ್ಚುಕಡಿಮೆ ಒಂದು ಕಿರುಬೆರಳಿನ ದಪ್ಪ. ಟನ್ನುಗಟ್ಟಲೆ ತೂಗುವ ಚಾವಣಿ ಕಿರುಬೆರಳಿನ ದಪ್ಪದಷ್ಟು ಹಿಂದೆ ಮುಂದೆ ಸರಿಯಬೇಕಾದರೆ ಗೋಡೆಯ ಗತಿಯೇನು? ಈ ಕಾರಣದಿಂದಲೇ ಕಾಂಕ್ರೀಟು ಕಟ್ಟಡಗಳನ್ನು ಕುರಿತ ಭಾರತೀಯ ಮಾನಕವಾದ ಐ.ಎಸ್. ೪೫೬, ೪೫ ಮೀಟರಿಗಿಂತ ಉದ್ದವಾದ ರಚನೆಗಳಲ್ಲಿ ಒಂದು ಅಥವಾ ಹೆಚ್ಚು ಹಿಗ್ಗುಸಂದುಗಳನ್ನು ಇಡಬೇಕೆಂದು ಸೂಚಿಸಿದೆ. ಉಕ್ಕಿನ ರಚನೆಗೂ ಇದೇ ಮಾತು ಸಲ್ಲುತ್ತದೆ. ದೊಡ್ಡ ಉಕ್ಕಿನ ಸೇತುವೆಯ ತೊಲೆಯನ್ನು ಒಂದು ತುದಿಯಲ್ಲಿ ಭದ್ರವಾಗಿ ಕೂರಿಸಿ, ಇನ್ನೊಂದು ತುದಿಯನ್ನು ಜಾರುವಂತೆ ಬಿಡುವುದು ವಾಡಿಕೆ.

ತಾಪದ ಜೊತೆಗೆ ಮಣ್ಣಿನ ಗುಣವನ್ನೂ ಗಮನಿಸಬೇಕು. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ, ಅದರಲ್ಲಿಯೂ ಕೃಷ್ಣೆಯ ದಡದುದ್ದಕ್ಕೂ, ಎರೆಭೂಮಿ ವಿಶೇಷವಾಗಿದೆ. ಕಬ್ಬಿಗೂ ಜೋಳಕ್ಕೂ ವರವಾದ ಈ ಕಪ್ಪು ಮಣ್ಣು ಅಡಿಪಾಯಕ್ಕೆ ಅಷ್ಟೇ ತೊಡಕಿನದು. ಮಳೆ ಬಿದ್ದೊಡನೆ ಅದು ನೀರು ಹೀರಿ ಉಬ್ಬುತ್ತದೆ. ಬೇಸಿಗೆ ಬಂತೆಂದರೆ ಹೊಲದಲ್ಲಿ ಕಾಲು ಸಿಕ್ಕಿಬೀಳುವಂಥ ಬಿರುಕುಗಳು ಬಾಯ್ದೆರೆಯುತ್ತವೆ. ಇಂಥ ನೆಲದ ಮೇಲೆ ಹಳೆಯ ಕಟ್ಟಡಕ್ಕೆ ಹೊಸ ಕೋಣೆಯೊಂದನ್ನು ತಗುಲಿಸಿ ಕಟ್ಟಿದರೆ, ಈಗಾಗಲೇ ನೆಲೆಗೊಂಡ ಹಳೆಯ ಭಾಗವೂ ಇನ್ನೂ ನೆಲೆಗೊಳ್ಳಬೇಕಾದ ಹೊಸ ಭಾಗವೂ ಒಂದೇ ರೀತಿ ಇಳಿಯುವುದಿಲ್ಲ. ಅವೆರಡರ ನಡುವೆ ನಾವೇ ನೆಟ್ಟಗಿನ ಸಂದೊಂದನ್ನು ಬಿಡದಿದ್ದರೆ, ಕಟ್ಟಡವು ತನಗೆ ತೋಚಿದ ಕಡೆ ಸೊಟ್ಟಗೆ ಸೀಳಿಕೊಂಡು ತನ್ನ ಸಂದನ್ನು ತಾನೇ ಮಾಡಿಕೊಳ್ಳುತ್ತದೆ.

ಹೀಗೆ ಸಂದು ಅನಿವಾರ್ಯ. ಆದರೆ ಬಿಟ್ಟ ಸಂದನ್ನು ಬರಿದಾಗಿಯೇ ಉಳಿಸಿದರೆ ಬೇರೆಯೇ ಬಗೆಯ ಕೇಡು ಮೊದಲಾಗುತ್ತದೆ. ಮೊದಲು ಒಳನುಗ್ಗುವುದು ಮಳೆಯ ನೀರು. ಅದರ ಹಿಂದೆ ಧೂಳು, ಉಸುಕು, ಸಣ್ಣ ಹರಳು. ಹಕ್ಕಿಗಳು ಬೀಳಿಸಿದ ಅರಳಿಯ ಬೀಜಕ್ಕೆ ಅಷ್ಟೇ ಸಾಕು. ಅದು ಅಲ್ಲಿಯೇ ಬೇರೂರುತ್ತದೆ. ಸಂದಿನ ಅಂಚಿನಿಂದ ಒಳಗಿಳಿದ ತೇವ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮುಟ್ಟಿದಾಗ ತುಕ್ಕು ಹುಟ್ಟುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವ ವಸ್ತು. ಆದ್ದರಿಂದ ಅದು ತನ್ನ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆದು ಉದುರಿಸುತ್ತದೆ. ಸಂದಿನಲ್ಲಿ ಸಿಕ್ಕಿಕೊಂಡ ಹರಳುಗಳೂ ಕಡಿಮೆಯಲ್ಲ. ಬೇಸಿಗೆಯಲ್ಲಿ ಸಂದು ಕಿರಿದಾಗಲು ಹೊರಟಾಗ ಅವು ಹಲ್ಲಿಗೆ ಸಿಕ್ಕ ಕಲ್ಲಿನಂತೆ ಅಡ್ಡ ನಿಂತು ಎರಡೂ ಕಡೆಯ ಅಂಚುಗಳನ್ನು ಮುರಿಯುತ್ತವೆ.

ಈ ಕೇಡಿಗೆ ಹಳ್ಳಿಗಳಲ್ಲಿಯೂ ಪೇಟೆಗಳಲ್ಲಿಯೂ ಸಾಮಾನ್ಯವಾಗಿ ಕಾಣುವ ಮದ್ದು ಒಂದೇ: ಸಂದಿಗೆ ಸಿಮೆಂಟು ಮೆತ್ತಿಬಿಡುವುದು. ಮೆತ್ತಿದ ದಿನ ಗೋಡೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಸಿಮೆಂಟಿನ ಗಾರೆಗೆ ಬಲವಿದೆಯೇ ಹೊರತು ಹಿಗ್ಗುವ ಗುಣವಿಲ್ಲ. ಮರುವರ್ಷದ ಚಳಿಗೆ ಸಂದು ಅಗಲವಾದಾಗ ಗಾರೆ ಒಂದು ಕಡೆಯಿಂದ ಬಿಟ್ಟುಕೊಂಡು ಕೂದಲೆಳೆಯ ಬಿರುಕು ಮೂಡುತ್ತದೆ. ಬೇಸಿಗೆಗೆ ಸಂದು ಕಿರಿದಾದಾಗ ಅದೇ ಗಾರೆ ಬೆಣೆಯಂತೆ ವರ್ತಿಸುತ್ತದೆ. ಕಟ್ಟಡದ ಹಿತಕ್ಕಾಗಿ ಬಿಟ್ಟ ತೆರವನ್ನು ಹೀಗೆ ಮುಚ್ಚಿದರೆ, ಆ ತೆರವನ್ನು ಬಿಡದೆ ಇದ್ದಂತೆಯೇ ಆಯಿತು. ಸಂದಿಗೆ ಬೇಕಾದುದು ಗಟ್ಟಿತನವಲ್ಲ, ಎರಡೂ ಕಡೆ ಅಂಟಿಕೊಂಡು ಎಳೆದಷ್ಟು ಎಳೆಸಿಕೊಳ್ಳುವ, ಒತ್ತಿದಷ್ಟು ಒತ್ತಿಸಿಕೊಳ್ಳುವ ಮೃದುತನ.

ತೆರವನ್ನು ತುಂಬುವ ವಿದ್ಯೆಯು ಈ ನಾಡಿಗೆ ಹೊಸತಲ್ಲ. ಕೃಷ್ಣಾ ನದಿಯು ಮಹಾರಾಷ್ಟ್ರದಿಂದ ಚಿಕ್ಕೋಡಿ ತಾಲೂಕಿನಲ್ಲಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆ ಕಲ್ಲೋಳದ ಬಳಿ ಅದನ್ನು ಸೇರುತ್ತದೆ. ಈ ಮೂರು ನದಿಗಳ ಮೇಲೆ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಸಿದ್ನಾಳ–ಅಕ್ಕೋಳ, ಜತ್ರಾಟ–ಭಿವಶಿ ಮೊದಲಾದ ಕಡೆ ತಗ್ಗಿನ ಸೇತುವೆಗಳೂ ಬ್ಯಾರೇಜುಗಳೂ ಇವೆ. ಮಳೆಗಾಲದಲ್ಲಿ ನದಿ ತುಂಬಿ ಬಂದಾಗ ಇವು ಮುಳುಗುವುದು ಹೆಚ್ಚುಕಡಿಮೆ ಪ್ರತಿವರ್ಷದ ಸಂಗತಿ. ಈ ಪ್ರದೇಶದಲ್ಲಿಯೂ ನೆರೆಯ ಮಹಾರಾಷ್ಟ್ರದಲ್ಲಿಯೂ ಬಳಕೆಗೆ ಬಂದ ಒಂದು ವಿಶಿಷ್ಟ ರಚನೆಗೆ ಕೊಲ್ಹಾಪುರ ಮಾದರಿಯ ಬ್ಯಾರೇಜೆಂದೇ ಹೆಸರು. ನದಿಗೆ ಅಡ್ಡಲಾಗಿ ಸ್ವಲ್ಪ ಸ್ವಲ್ಪ ಅಂತರದಲ್ಲಿ ಕಂಬಗಳನ್ನು ಕಟ್ಟಿ, ಅವುಗಳ ಪಕ್ಕಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಎರಡೆರಡು ಗಾಡಿಗಳನ್ನು ಕೊರೆದಿರುತ್ತಾರೆ. ಮಳೆಗಾಲ ಮುಗಿದು ನದಿಯ ಅಬ್ಬರ ಇಳಿದ ಮೇಲೆ ಆ ಗಾಡಿಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸುತ್ತಾರೆ. ಹೀಗೆ ಎರಡು ಸಾಲು ಹಲಗೆಗಳ ಗೋಡೆ ಏಳುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲು ಹಲಗೆಗಳನ್ನು ತೆಗೆದು ಮಹಾಪೂರಕ್ಕೆ ದಾರಿ ಬಿಡುತ್ತಾರೆ.

ಇಲ್ಲಿ ನಮ್ಮ ಗಮನಕ್ಕೆ ಬರಬೇಕಾದುದು ಆ ಎರಡು ಸಾಲುಗಳ ನಡುವಿನ ತೆರವು. ಹಲಗೆಗಳು ನೀರಿನ ಒತ್ತಡವನ್ನು ತಡೆಯಬಲ್ಲವು. ಆದರೆ ಹಲಗೆ ಹಲಗೆಗಳ ನಡುವೆ ಜಿನುಗುವ ನೀರನ್ನು ತಡೆಯಲಾರವು. ಆದ್ದರಿಂದ ಈ ಮಾದರಿಯ ಮೂಲ ಕ್ರಮದಲ್ಲಿ ಎರಡು ಸಾಲುಗಳ ನಡುವೆ ಜಿಗುಟು ಮಣ್ಣನ್ನು ತುಂಬಿ ಒತ್ತುತ್ತಾರೆ. ಮಣ್ಣಿಗೆ ತಾನಾಗಿ ನಿಲ್ಲುವ ಶಕ್ತಿಯಿಲ್ಲ. ಹಲಗೆ ಅದನ್ನು ನಿಲ್ಲಿಸುತ್ತದೆ. ಹಲಗೆಗೆ ನೀರು ಬಿಗಿಯುವ ಶಕ್ತಿಯಿಲ್ಲ; ಮಣ್ಣು ಅದನ್ನು ಬಿಗಿಯುತ್ತದೆ. ಈಚೆಗೆ ಅನೇಕ ಕಡೆ ಮರದ ಹಲಗೆಗಳ ಬದಲಾಗಿ ಉಕ್ಕಿನ ಗೇಟುಗಳೂ ಅವುಗಳ ಅಂಚಿಗೆ ರಬ್ಬರಿನ ಪಟ್ಟಿಗಳೂ ಬಂದಿವೆ. ಆದರೆ ತತ್ವ ಬದಲಾಗಿಲ್ಲ: ಒಂದು ವಸ್ತು ಆಸರೆಯಾಗಿ ನಿಲ್ಲಬೇಕು, ಇನ್ನೊಂದು ವಸ್ತು ತೆರವನ್ನು ಮುಚ್ಚಬೇಕು.

ಈ ಕೆಲಸದಲ್ಲಿ ಅಲಕ್ಷ್ಯವಾದರೆ ಅದರ ಫಲವನ್ನು ಉಣ್ಣುವವರು ಯಾರು? ೨೦೧೯ರ ಬೇಸಿಗೆಯಲ್ಲಿ ಈ ಭಾಗದ ಕೃಷ್ಣೆಯ ಪಾತ್ರ ಒಣಗಿ, ದಡದ ಊರುಗಳು ಕುಡಿಯುವ ನೀರಿಗೆ ಪರದಾಡಿದುವು; ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಡಿಸಬೇಕೆಂಬ ಬೇಡಿಕೆ ಎದ್ದಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ಹರಿದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳನ್ನು ನುಗ್ಗಿತು. ಸಾವಿರಾರು ಜನ ಮನೆ ಬಿಟ್ಟು ಹೊರಡಬೇಕಾಯಿತು. ನೀರು ಇಲ್ಲದಿರುವುದೂ ಸಂಕಟ, ಬಂದ ನೀರು ಬೇಡವಾದ ಎಡೆಗೆ ನುಗ್ಗುವುದೂ ಸಂಕಟ. ಇಂಥ ನಾಡಿನಲ್ಲಿ ಬ್ಯಾರೇಜಿನ ಹಲಗೆಸಂದಿನಿಂದ ಹನಿಹನಿಯಾಗಿ ಸೋರಿಹೋಗುವ ಕಾರ್ತಿಕದ ನೀರು ಚೈತ್ರದ ಬಾಯಾರಿಕೆಯಾಗಿ ಪರಿಣಮಿಸುತ್ತದೆ. ಚಾವಣಿಯ ಸಂದಿನಿಂದ ಇಳಿಯುವ ಆಷಾಢದ ಹನಿ ಶಾಲೆಯ ಪುಸ್ತಕವನ್ನೂ ಮನೆಯ ಕಾಳನ್ನೂ ಕೆಡಿಸುತ್ತದೆ. ತಂಬಾಕಿನ ವ್ಯಾಪಾರಕ್ಕೆ ಹೆಸರಾದ ನಿಪ್ಪಾಣಿಯಲ್ಲಿ ಉಗ್ರಾಣದ ಗೋಡೆಯಲ್ಲಿ ತೇವ ಇಳಿದರೆ ಸಂಗ್ರಹಿಸಿದ ಮಾಲಿಗೆ ಬೂಷ್ಟು ಹಿಡಿಯುವುದರಲ್ಲಿ ತಡವಾಗದು.

ಆಸರೆಯೊಂದು, ಮುಚ್ಚಳವೊಂದು ಎಂಬ ಈ ಜೋಡಿತತ್ವವನ್ನು ಬೇರೆ ಕಸುಬುಗಳಲ್ಲಿಯೂ ಕಾಣಬಹುದು. ಮರದ ಹಡಗು ಕಟ್ಟುವವರು ಹಲಗೆಗಳ ನಡುವಿನ ಸಂದಿಗೆ ಮೊದಲು ನಾರನ್ನೋ ಹತ್ತಿಯನ್ನೋ ಬಡಿದು ತುಂಬಿ, ಅದರ ಮೇಲೆ ರಾಳವನ್ನೋ ಡಾಂಬರನ್ನೋ ಬಳಿಯುತ್ತಿದ್ದರು. ಎರಕದ ಕಬ್ಬಿಣದ ನೀರಿನ ಕೊಳವೆಗಳನ್ನು ಜೋಡಿಸುವವರು ಕೊಳವೆಯ ಬಾಯಿಯೊಳಗೆ ಮೊದಲು ಸೆಣಬಿನ ಹುರಿಯನ್ನು ಸುತ್ತಿ ಒತ್ತಿ, ಅನಂತರ ಕರಗಿದ ಸೀಸವನ್ನು ಹೊಯ್ಯುತ್ತಿದ್ದರು. ನಾರೂ ಹುರಿಯೂ ಇಲ್ಲಿ ನೀರನ್ನು ತಡೆಯುವ ಮುಖ್ಯ ವಸ್ತುಗಳಲ್ಲ. ತಡೆಯುವ ವಸ್ತು ಆಳಕ್ಕೆ ಹರಿದು ಹೋಗದಂತೆ, ತನ್ನ ನೆಲೆಯಲ್ಲಿಯೇ ನಿಲ್ಲುವಂತೆ ಮಾಡುವ ಸಹಾಯಕಗಳು ಅವು.

ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರವು ಈ ಎರಡು ಸ್ಥಾನಗಳಿಗೂ ಹೊಸ ವಸ್ತುಗಳನ್ನು ಒದಗಿಸಿತು. ಮುಚ್ಚುವ ಕೆಲಸಕ್ಕೆ ಪಾಲಿಸಲ್ಫೈಡ್, ಪಾಲಿಯುರೆಥೇನ್, ಸಿಲಿಕೋನ್ ಎಂಬ ರಬ್ಬರಿನಂಥ ಲೇಪಗಳು ಬಂದುವು. ಇವಕ್ಕೆ ಸೀಲಂಟ್ ಎಂದು ಹೆಸರು. ಹಾಕುವಾಗ ಇವು ಬೆಣ್ಣೆಯಂತೆ ಮೆತ್ತಗಿದ್ದು, ಅನಂತರ ರಬ್ಬರಿನಂತೆ ಗಟ್ಟಿಯಾಗುತ್ತವೆ. ಒಳ್ಳೆಯ ಸೀಲಂಟ್ ಸಂದಿನ ಅಗಲದ ಕಾಲುಭಾಗದಷ್ಟು ಹಿಗ್ಗುವಿಕೆಯನ್ನೂ ಕುಗ್ಗುವಿಕೆಯನ್ನೂ ಹರಿಯದೆ ತಾಳಿಕೊಳ್ಳಬಲ್ಲದು. ಆಸರೆಯ ಕೆಲಸಕ್ಕೆ ಬಂದುದು ಪಾಲಿಎಥಿಲೀನ್. ೧೯೩೩ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಬೇರೊಂದು ಪ್ರಯೋಗ ನಡೆಸುತ್ತಿದ್ದಾಗ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಂಬ ವಿಜ್ಞಾನಿಗಳಿಗೆ ಅದು ಮೇಣದಂಥ ಬಿಳಿಯ ವಸ್ತುವಾಗಿ ಆಕಸ್ಮಿಕವಾಗಿ ದೊರೆಯಿತು. ಅದೇ ವಸ್ತುವಿನೊಳಗೆ ಅನಿಲದ ಸೂಕ್ಷ್ಮ ಗುಳ್ಳೆಗಳನ್ನು ಹುಟ್ಟಿಸಿ, ಹಗ್ಗದಂತೆ ಉದ್ದವಾಗಿ ಹೊರಡಿಸಿದರೆ ಅದು ಫೋಮ್ ಸರಳಾಗುತ್ತದೆ. ಪೇಟೆಯಲ್ಲಿ ಇದನ್ನು ಬ್ಯಾಕರ್ ರಾಡ್ ಎಂದು ಕೇಳಿ ತರಬೇಕು.

ನೋಡಲು ಇದು ಬಹು ಸಾಮಾನ್ಯವಾದ ವಸ್ತು. ದುಂಡಗೆ, ಹಗುರವಾಗಿ, ಬೆರಳಿನಿಂದ ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಅದರೊಳಗಿನ ಪ್ರತಿಯೊಂದು ಗುಳ್ಳೆಯೂ ನಾಲ್ಕೂ ಕಡೆ ಮುಚ್ಚಿದ ಪುಟ್ಟ ಕೋಣೆಯಾಗಿರುವುದರಿಂದ ಅದು ನೀರನ್ನು ಹೀರುವುದಿಲ್ಲ. ಗುಳ್ಳೆಗಳ ಬಾಯಿ ತೆರೆದಿರುವ ಇನ್ನೊಂದು ಜಾತಿಯ ಸರಳೂ ಉಂಟು. ಅದು ಸ್ಪಂಜಿನಂತೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಮಳೆಗೆ ಒಡ್ಡಿದ ನೆಲದ ಸಂದುಗಳಿಗೆ ಮುಚ್ಚುಗುಳ್ಳೆಯ ಸರಳೇ ಮೇಲು.

ಈ ಸರಳು ಮಾಡುವ ಕೆಲಸಗಳು ಮೂರು. ಮೊದಲನೆಯದು ಆಳದ ನಿಯಂತ್ರಣ. ಸಂದು ಒಂದು ಅಡಿ ಆಳವಿರಬಹುದು. ಅಷ್ಟನ್ನೂ ಸೀಲಂಟಿನಿಂದ ತುಂಬುವುದು ದುಬಾರಿ. ಅಷ್ಟೇ ಅಲ್ಲ, ಅದು ಅಪಾಯ. ದಪ್ಪನೆಯ ರಬ್ಬರಿನ ತುಂಡನ್ನು ಎಳೆಯುವುದು ಕಷ್ಟ, ತೆಳ್ಳನೆಯ ಪಟ್ಟಿಯನ್ನು ಎಳೆಯುವುದು ಸುಲಭ. ಸೀಲಂಟ್ ತೀರ ದಪ್ಪವಾದರೆ ಸಂದು ಅಗಲವಾದಾಗ ಅದು ಹಿಗ್ಗುವುದರ ಬದಲು ಗೋಡೆಯ ಅಂಚಿನಿಂದ ಕಿತ್ತುಬರುತ್ತದೆ. ಸಾಮಾನ್ಯವಾಗಿ ಸಂದಿನ ಅಗಲದ ಅರ್ಧದಷ್ಟು ಆಳ ಸಾಕು. ೨೦ ಮಿಲಿಮೀಟರ್ ಅಗಲದ ಸಂದಿಗೆ ೧೦ ಮಿಲಿಮೀಟರ್ ಆಳದ ಸೀಲಂಟ್ ಸರಿಯಾದ ಪ್ರಮಾಣ. ಕಿರಿದಾದ ಸಂದುಗಳಲ್ಲಿಯೂ ಆಳವು ೬ ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಸರಳನ್ನು ಎಷ್ಟು ಆಳಕ್ಕೆ ಒತ್ತಿ ಕೂರಿಸಿದೆವೋ ಅಷ್ಟೇ ಸೀಲಂಟಿನ ಆಳ.

ಎರಡನೆಯ ಕೆಲಸ ಇನ್ನೂ ಸೂಕ್ಷ್ಮವಾದುದು. ಸೀಲಂಟ್ ಸಂದಿನ ಎರಡು ಪಕ್ಕಗಳಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಬಾರದು. ಇದರ ಕಾರಣವನ್ನು ಒಂದು ಸಣ್ಣ ಪ್ರಯೋಗದಿಂದ ಅರಿಯಬಹುದು. ಎರಡು ಮರದ ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವೆರಡನ್ನೂ ದಾಟುವಂತೆ ಒಂದು ರಬ್ಬರಿನ ಪಟ್ಟಿಯನ್ನು ಉದ್ದಕ್ಕೂ ಗೋಂದು ಹಚ್ಚಿ ಅಂಟಿಸಿರಿ. ಒಣಗಿದ ಮೇಲೆ ತುಂಡುಗಳನ್ನು ದೂರ ಎಳೆದರೆ, ಹಿಗ್ಗಬೇಕಾದ ಭಾರವೆಲ್ಲ ನಡುವಿನ ಗೆರೆಯಷ್ಟು ಜಾಗದ ಮೇಲೆಯೇ ಬಿದ್ದು ಪಟ್ಟಿ ಅಲ್ಲಿಯೇ ಹರಿಯುತ್ತದೆ. ಈಗ ಇನ್ನೊಂದು ಪಟ್ಟಿಯನ್ನು ಅದರ ಎರಡು ತುದಿಗಳಲ್ಲಿ ಮಾತ್ರ ಅಂಟಿಸಿ ಎಳೆಯಿರಿ. ಪಟ್ಟಿಯ ಉದ್ದವೆಲ್ಲ ಎಳೆತವನ್ನು ಹಂಚಿಕೊಂಡು ಸುಲಭವಾಗಿ ಹಿಗ್ಗುತ್ತದೆ. ಸಂದಿನ ತಳಕ್ಕೂ ಅಂಟಿದ ಸೀಲಂಟ್ ಮೊದಲನೆಯ ಪಟ್ಟಿಯಂತೆ; ಪಕ್ಕಗಳಿಗೆ ಮಾತ್ರ ಅಂಟಿದ ಸೀಲಂಟ್ ಎರಡನೆಯ ಪಟ್ಟಿಯಂತೆ. ಪಾಲಿಎಥಿಲೀನಿಗೆ ಸೀಲಂಟುಗಳು ಚೆನ್ನಾಗಿ ಅಂಟುವುದಿಲ್ಲ. ಅಂಟಿದರೂ ಮೆತ್ತಗಿನ ಸರಳು ಸೀಲಂಟಿನ ಚಲನೆಗೆ ತಡೆಯೊಡ್ಡುವುದಿಲ್ಲ. ಎಂತಲೇ ಸರಳು ತಳದಲ್ಲಿದ್ದು ಸೀಲಂಟನ್ನು ಸ್ವತಂತ್ರವಾಗಿ ಬಿಡುತ್ತದೆ. ಅಂಟದಿರುವುದೂ ಒಂದು ಉಪಕಾರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮೂರನೆಯ ಕೆಲಸ ಆಕಾರ ಕೊಡುವುದು. ಸರಳಿನ ಬೆನ್ನು ದುಂಡಗಿರುವುದರಿಂದ ಅದರ ಮೇಲೆ ಕೂತ ಸೀಲಂಟಿನ ತಳವು ಒಳಬಾಗುತ್ತದೆ. ಮೇಲ್ಭಾಗವನ್ನು ಕೆಲಸಗಾರನು ಉಪಕರಣದಿಂದ ಒತ್ತಿ ನಯಗೊಳಿಸಿದಾಗ ಅದೂ ಒಳಬಾಗುತ್ತದೆ. ಅಡ್ಡಲಾಗಿ ಕತ್ತರಿಸಿ ನೋಡಿದರೆ ಆ ಸೀಲಂಟ್ ಡಮರುವಿನಂತೆ ಕಾಣುತ್ತದೆ: ಪಕ್ಕಗಳಲ್ಲಿ ದಪ್ಪ, ನಡುವಿನಲ್ಲಿ ಸಣ್ಣ. ಪಕ್ಕ ದಪ್ಪವಾದುದರಿಂದ ಗೋಡೆಯ ಮೇಲಿನ ಹಿಡಿತ ಭದ್ರ. ನಡು ಸಣ್ಣದಾದುದರಿಂದ ಹಿಗ್ಗುವಿಕೆ ಸಲೀಸು. ಸೀಲಂಟನ್ನು ಒತ್ತುವಾಗ ಹಿಂದಿನಿಂದ ಸರಳು ಎದುರೊತ್ತು ಕೊಡದಿದ್ದರೆ ಅದು ಆಳಕ್ಕೆ ಜಾರಿ, ಪಕ್ಕಗಳನ್ನು ಸರಿಯಾಗಿ ಮುಟ್ಟುವುದೇ ಇಲ್ಲ.

ಇನ್ನು ಕೆಲಸದ ಕ್ರಮವನ್ನು ನೋಡೋಣ. ಗೌಂಡಿಯು ಮೊದಲು ಸಂದನ್ನು ಶುಚಿಗೊಳಿಸಬೇಕು. ಹಳೆಯ ಗಾರೆ, ಉಸುಕು, ಎಣ್ಣೆ, ಸಡಿಲವಾದ ಚೂರುಗಳನ್ನು ತೆಗೆದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಧೂಳನ್ನು ಊದಿ ಹೊರಹಾಕಬೇಕು. ಸಂದು ಪೂರ್ಣವಾಗಿ ಒಣಗಿರಬೇಕು. ಧೂಳಿನ ಮೇಲೆ ಹಚ್ಚಿದ ಸೀಲಂಟ್ ಧೂಳಿಗೆ ಅಂಟುತ್ತದೆಯೇ ಹೊರತು ಗೋಡೆಗೆ ಅಂಟುವುದಿಲ್ಲ. ಅನಂತರ ಸರಳಿನ ಆಯ್ಕೆ. ಸರಳಿನ ದಪ್ಪ ಸಂದಿನ ಅಗಲಕ್ಕಿಂತ ಸುಮಾರು ಕಾಲುಭಾಗ ಹೆಚ್ಚಾಗಿರಬೇಕು. ೨೦ ಮಿಲಿಮೀಟರ್ ಸಂದಿಗೆ ೨೫ ಮಿಲಿಮೀಟರ್ ಸರಳು. ಆಗ ಅದು ತುಸು ಅದುಮಿಕೊಂಡು ತನ್ನ ಬಲದಿಂದಲೇ ಸಂದಿನಲ್ಲಿ ನಿಲ್ಲುತ್ತದೆ. ಕೂರಿಸುವಾಗ ಅದನ್ನು ಎಳೆದು ಉದ್ದ ಮಾಡಬಾರದು. ಎಳೆದ ಸರಳು ಆಮೇಲೆ ಕುಗ್ಗಿ ತುದಿಗಳಲ್ಲಿ ತೆರವು ಬಿಡುತ್ತದೆ. ಕರಣೆಯ ಮೊನೆಯಿಂದಲೋ ಮೊಳೆಯಿಂದಲೋ ಚುಚ್ಚಿ ತಳ್ಳುವುದು ಸಲ್ಲದು. ಮೊಂಡಾದ ಮರದ ತುಂಡಿನಿಂದ ಒಂದೇ ಆಳಕ್ಕೆ ಒತ್ತಬೇಕು. ಚುಚ್ಚಿದರೆ ಗುಳ್ಳೆಗಳು ಒಡೆದು, ಬಿಸಿಲೇರಿದಂತೆ ಅವುಗಳ ಅನಿಲ ಹೊರಬಂದು, ಇನ್ನೂ ಹಸಿಯಾಗಿರುವ ಸೀಲಂಟಿನಲ್ಲಿ ಬೊಬ್ಬೆಗಳೇಳುತ್ತವೆ. ಪ್ರತಿಯೊಂದು ಬೊಬ್ಬೆಯೂ ನಾಳೆಯ ತೂತು.

ಸಮಯವನ್ನೂ ಅರಿತು ಕೆಲಸಕ್ಕೆ ಇಳಿಯಬೇಕು. ವೈಶಾಖದ ನಡುಹಗಲಲ್ಲಿ ಸಂದು ಅತ್ಯಂತ ಕಿರಿದಾಗಿರುತ್ತದೆ. ಆಗ ತುಂಬಿದ ಸೀಲಂಟ್ ಮುಂದಿನ ಚಳಿಗಾಲದಲ್ಲಿ ಸಂದಿನ ಪೂರ್ತಿ ಹಿಗ್ಗುವಿಕೆಯನ್ನು ಒಬ್ಬಂಟಿಯಾಗಿ ತಾಳಬೇಕಾಗುತ್ತದೆ. ತೀರ ಚಳಿಯಲ್ಲಿ ತುಂಬಿದರೆ ಬೇಸಿಗೆಯಲ್ಲಿ ಅದು ಅದುಮಿಕೊಂಡು ಹೊರಗೆ ಉಬ್ಬಿ ನಿಲ್ಲುತ್ತದೆ. ಬಿಸಿಲೂ ಚಳಿಯೂ ಅತಿಯಾಗಿರದ ದಿನಗಳಲ್ಲಿ, ಬೆಳಗಿನ ಇಬ್ಬನಿ ಆರಿದ ಮೇಲೆ ಈ ಕೆಲಸವನ್ನು ಮಾಡುವುದು ಲೇಸು.

ಯಾವ ಸಾಧನವೂ ಎಲ್ಲ ಕೆಲಸಕ್ಕೂ ಒದಗುವುದಿಲ್ಲ. ಫೋಮ್ ಸರಳಿಗೂ ಅದರ ಎಲ್ಲೆಗಳಿವೆ. ನೀರನ್ನು ತಡೆಯುವುದು ಸೀಲಂಟೇ ಹೊರತು ಸರಳಲ್ಲ. ಸರಳನ್ನಷ್ಟೇ ತುರುಕಿ ಕೆಲಸ ಮುಗಿಯಿತೆಂದು ತಿಳಿದರೆ ಮೊದಲ ಮಳೆಯಲ್ಲಿಯೇ ನಿಜ ಹೊರಬೀಳುತ್ತದೆ. ನೀರಿನ ತೊಟ್ಟಿ, ನೆಲಮಾಳಿಗೆಗಳಂಥ ಕಡೆ ನೀರಿನ ಒತ್ತಡ ಹೆಚ್ಚು. ಅಲ್ಲಿ ಕಾಂಕ್ರೀಟು ಹಾಕುವಾಗಲೇ ಸಂದಿಗೆ ಅಡ್ಡಲಾಗಿ ಹುದುಗಿಸುವ ರಬ್ಬರಿನ ಅಥವಾ ಪಿ.ವಿ.ಸಿ.ಯ ತಡೆಪಟ್ಟಿ ಅಗತ್ಯ. ಕಾಯಿಸಿ ಹೊಯ್ಯುವ ಡಾಂಬರಿನ ಕೆಳಗೆ ಸಾಮಾನ್ಯ ಸರಳು ಕರಗಿಹೋಗುತ್ತದೆ. ಅದಕ್ಕೆ ಶಾಖ ತಾಳುವ ಸರಳೇ ಬೇರೆ. ಪಾಲಿಎಥಿಲೀನ್ ಉರಿಯುವ ವಸ್ತುವಾದುದರಿಂದ ಬೆಂಕಿಯನ್ನು ತಡೆಯಬೇಕಾದ ಗೋಡೆಗಳ ಸಂದಿಗೆ ಬೆಂಕಿಯನ್ನು ತಾಳುವ ಸಾಮಗ್ರಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಂದು ಬೇರೆ, ಬಿರುಕು ಬೇರೆ. ಎರೆಮಣ್ಣಿನ ಮೇಲೆ ಅಡಿಪಾಯ ಕುಸಿದು ಮೂಡಿದ ಬಿರುಕು ರೋಗದ ಲಕ್ಷಣ. ಅದರ ಬಾಯಿಗೆ ಸರಳು ತುಂಬಿ ಸೀಲಂಟ್ ಹಚ್ಚುವುದು ಹುಣ್ಣಿನ ಮೇಲೆ ಬಣ್ಣ ಬಳಿದಂತೆ. ನೆರೆನೀರಿನಲ್ಲಿ ನಿಂತು ಬಂದ ಮನೆಗಳಲ್ಲಿ ಇಂಥ ಬಿರುಕು ಕಂಡರೆ ಮೊದಲು ಅಡಿಪಾಯವನ್ನು ತಿಳಿದವರಿಂದ ಪರೀಕ್ಷೆ ಮಾಡಿಸುವುದೇ ವಿವೇಕ.

ಸಂದನ್ನು ಮುಚ್ಚುವ ವಸ್ತು ತನ್ನ ಮೃದುತನವನ್ನು ಕಳೆದುಕೊಂಡರೆ ಏನಾದೀತೆಂಬುದಕ್ಕೆ ಜಗತ್ತು ಕಂಡ ಘೋರ ನಿದರ್ಶನವೊಂದಿದೆ. ೧೯೮೬ರ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ಎಂಬ ಬಾಹ್ಯಾಕಾಶ ನೌಕೆ ನೆಲ ಬಿಟ್ಟ ೭೩ ಸೆಕೆಂಡುಗಳಲ್ಲಿ ಒಡೆದು ಚೂರಾಗಿ, ಅದರಲ್ಲಿದ್ದ ೭ ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಒಬ್ಬಾಕೆ ಶಾಲೆಯ ಅಧ್ಯಾಪಕಿ. ಪಕ್ಕದ ರಾಕೆಟ್ಟಿನ ತುಂಡುಗಳನ್ನು ಜೋಡಿಸಿದ ಸಂದಿನಲ್ಲಿದ್ದ ರಬ್ಬರಿನ ಬಳೆ ಆ ದಿನದ ಚಳಿಗೆ ಬಿರುಸಾಗಿ, ಸಂದು ತೆರೆದಷ್ಟು ಬೇಗ ಹಿಗ್ಗಿ ಅದನ್ನು ಮುಚ್ಚಲಾರದೆ ಹೋಯಿತು. ಆ ಎಡೆಯಿಂದ ಉರಿಯುವ ಅನಿಲ ಹೊರನುಗ್ಗಿತು. ತನಿಖಾ ಸಮಿತಿಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರು ಅಂಥದೇ ರಬ್ಬರಿನ ತುಂಡೊಂದನ್ನು ಇಕ್ಕಳದಲ್ಲಿ ಅದುಮಿ, ಮಂಜುಗಡ್ಡೆ ಹಾಕಿದ ನೀರಿನ ಲೋಟದಲ್ಲಿ ಅದ್ದಿ ತೆಗೆದು, ಬಿಟ್ಟೊಡನೆ ಅದು ಮೊದಲಿನ ಆಕಾರಕ್ಕೆ ಮರಳದಿರುವುದನ್ನು ಎಲ್ಲರೆದುರು ತೋರಿಸಿದರು. ಅಪಾರ ಹಣ ಸುರಿದು ಕಟ್ಟಿದ ಯಂತ್ರವನ್ನು ಬೆರಳಿನ ದಪ್ಪವೂ ಇಲ್ಲದ ಒಂದು ಬಳೆ ಉರುಳಿಸಿತು.

ನಮ್ಮ ಊರಿನ ಶಾಲೆ, ಆಸ್ಪತ್ರೆ, ಕಬ್ಬಿನ ಟ್ರ್ಯಾಕ್ಟರುಗಳು ದಾಟುವ ಸೇತುವೆ, ನೀರು ಹರಿಯುವ ಕಾಲುವೆ ಇವುಗಳಲ್ಲಿ ಯಾವುದೂ ಬಾಹ್ಯಾಕಾಶ ನೌಕೆಯಲ್ಲ. ಆದರೆ ನಿಯಮ ಎರಡಕ್ಕೂ ಒಂದೇ. ಕಂಬ, ತೊಲೆ, ಚಾವಣಿಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಸಂದಿನ ಒಳಗೆ ಹುದುಗಿದ ಫೋಮ್ ಸರಳು ಕೆಲಸ ಮುಗಿದ ದಿನದಿಂದಲೇ ಕಣ್ಮರೆಯಾಗುತ್ತದೆ. ಅದರ ಬೆಲೆ ಇಡೀ ಕಟ್ಟಡದ ವೆಚ್ಚದಲ್ಲಿ ಲೆಕ್ಕಕ್ಕೂ ಬಾರದಷ್ಟು ಅಲ್ಪ. ಎಂತಲೇ ಅದನ್ನು ಬಿಟ್ಟುಬಿಡುವ ಮನಸ್ಸೂ ಸುಲಭವಾಗಿ ಬರುತ್ತದೆ. ಬಿಟ್ಟುದರ ಫಲ ಕಾಣಿಸಿಕೊಳ್ಳುವುದು ಮೂರೋ ನಾಲ್ಕೋ ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಕಟ್ಟಿದವರು ಬೇರೊಂದು ಊರಿನಲ್ಲಿರುತ್ತಾರೆ, ಸೋರುವ ಚಾವಣಿಯ ಕೆಳಗೆ ಕೂಡುವವರು ಬೇರೆಯವರಾಗಿರುತ್ತಾರೆ. ಆದ್ದರಿಂದ ಗೋಡೆಯಲ್ಲಿ ತೆರವೊಂದು ಕಂಡರೆ ಕೈಗೆ ಸಿಕ್ಕುದನ್ನು ಮೆತ್ತಿ ಮುಚ್ಚುವ ಮೊದಲು, ಇದು ಇಲ್ಲಿ ಏಕೆ ಇದೆ, ಎಷ್ಟು ಚಲಿಸುತ್ತದೆ, ಚಲಿಸುವುದಕ್ಕೆ ಬಿಟ್ಟೇ ಇದನ್ನು ಕಾಯುವುದು ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು. ಹಲಗೆಗಳ ನಡುವೆ ಮಣ್ಣು ಒತ್ತಿ ಕೃಷ್ಣೆಯ ನೀರನ್ನು ಬೇಸಿಗೆಗೆಂದು ಉಳಿಸಿದವರು ಕೇಳಿಕೊಂಡುದೂ ಇಂಥ ಪ್ರಶ್ನೆಗಳನ್ನೇ.